ಪಿಸ್ತೂಲಿನ ಹಣೆಗಿಟ್ಟ ಸಿಂಧೂರ

ಗಂಗೆಯ ಮೇಲಿನ ಮಂಜು ಪೊಲೀಸ್ ಲೈನಿನ ಗೋಡೆ ಹಾರಿ ಬಂದು ಅಂಗಳದಲ್ಲೇ ಕೂತುಬಿಟ್ಟಿದೆ. ಶಸ್ತ್ರಾಗಾರದ ಕಂಬಿಕಿಟಕಿಯ ಮುಂದೆ ಹಗಲು ಪಾಳಿಯ ಸಿಪಾಯಿಗಳು ಟೋಪಿಯನ್ನು ಕಿವಿಯ ತನಕ ಎಳೆದುಕೊಂಡು ಸಾಲು ನಿಂತಿದ್ದಾರೆ. ಕಿಟಕಿಯ ಆಚೆ ಸಕಲದೀಪ್ ಮಿಸ್ತ್ರಿ ಒಂದು ಪಿಸ್ತೂಲನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದಿದ್ದಾರೆ. ಇಂಥ ಚಳಿಯಲ್ಲಿ ಕಬ್ಬಿಣ ಕೈ ಕಚ್ಚುತ್ತದೆ. ಹಿಡಿ ಬೆಚ್ಚಗಾಗುವ ತನಕ ಅವರು ಯಾರ ಕೈಗೂ ಪಿಸ್ತೂಲು ಕೊಡುವುದಿಲ್ಲ.

"ಬೇಗ ಕೊಡಿ ಚಾಚಾ, ಅದೇನು ಹಸುಗೂಸಾ?" ಸಾಲಿನ ಹಿಂದಿನಿಂದ ಯಾರೋ ಕೂಗುತ್ತಾರೆ.

"ಕೂಸಾದ್ರೆ ನೋವಾದಾಗ ಅಳುತ್ತೆ ಕಣೋ. ಇದು ಅಳಲ್ಲ. ಅದಕ್ಕೇ ನಾನು ನೋಡ್ಕೋಬೇಕು."

ಕೊಡುವ ಮುನ್ನ ಇನ್ನೊಂದು ಕೆಲಸವಿದೆ. ಮರಳು ತುಂಬಿದ ಡ್ರಮ್ಮಿನ ಕಡೆಗೆ ನಳಿಗೆಯ ಬಾಯಿ ತಿರುಗಿಸಿ, ಪಿಸ್ತೂಲಿನ ಮೇಲ್ಭಾಗದ ಜಾರುವ ಕವಚವನ್ನು, ಅಂದರೆ ಸ್ಲೈಡನ್ನು, ಹಿಂದಕ್ಕೆಳೆದು ಗುಂಡು ಕೂರುವ ಗೂಡಿನೊಳಗೆ ಕಿರುಬೆರಳು ಆಡಿಸುತ್ತಾರೆ. ಕಣ್ಣಿನಿಂದ ನೋಡಿದರೆ ಸಾಲದು. ಇದು ಅವರು ಇಲಾಖೆಯಲ್ಲಿ ಕಲಿತದ್ದಲ್ಲ.

ಸಕಲದೀಪ್ ಹುಟ್ಟಿದ್ದು ಗಂಗೆಯ ದಡದ ಮುಂಗೇರಿನಲ್ಲಿ, ಬಂದೂಕು ಮಾಡುವವರ ಕೇರಿಯಲ್ಲಿ. ಅಪ್ಪ ಪರವಾನಗಿ ಇದ್ದ ಕಾರ್ಖಾನೆಯೊಂದರಲ್ಲಿ ಅರ ಹಿಡಿದು ನಳಿಗೆ ಉಜ್ಜುತ್ತಿದ್ದರು. ಒಂದು ದಿನ ರಿಪೇರಿಗೆ ಬಂದ ಬಂದೂಕನ್ನು, ಖಾಲಿ ಎಂದು ತಂದವರು ಹೇಳಿದ ಮಾತು ನಂಬಿ ಬಿಚ್ಚಲು ಕೂತರು. ಎಡಗೈಯ ಮೂರು ಬೆರಳು ಹೋದವು. "ಆ ಮೇಲೆ ಅಮ್ಮ ದಿನಾ ಹೇಳೋಳು: ಖಾಲಿ ಅಂದವನ ಬಾಯಿ ನಂಬಬೇಡ, ನಿನ್ನ ಕಿರುಬೆರಳು ನಂಬು," ಎನ್ನುತ್ತಾರೆ ಸಕಲದೀಪ್. ಕಾರ್ಖಾನೆಗಳಿಗೆ ಕೆಲಸ ಕಡಿಮೆಯಾದಾಗ ಕೇರಿಯ ಕೆಲವರು ನದಿ ನಡುವಿನ ಮರಳುದಿಬ್ಬಗಳಿಗೆ ಹೋಗಿ ಕಳ್ಳಬಂದೂಕು ಮಾಡತೊಡಗಿದರು. ಜತೆಗೆ ಆಡಿದ ಇಬ್ಬರು ಜೈಲಿನಲ್ಲಿದ್ದಾರೆ, ಒಬ್ಬ ಬದುಕಿಲ್ಲ. ಸಕಲದೀಪ್ ಪೊಲೀಸ್ ಆಯುಧ ದುರಸ್ತಿಯ ಕೆಲಸಕ್ಕೆ ಸೇರಿದರು.

ಮೂವರು ಮಾಡಬೇಕಾದ ಕೆಲಸವನ್ನು ಈಗ ಅವರೊಬ್ಬರೇ ಮಾಡುತ್ತಾರೆ. ದಿನಕ್ಕೆ ಮೂವತ್ತು ನಲವತ್ತು ಆಯುಧ ಬಿಚ್ಚಿ, ಒರೆಸಿ, ಎಣ್ಣೆ ಕೊಟ್ಟು ಜೋಡಿಸಬೇಕು. ಸೀಮೆಎಣ್ಣೆಗೆ ಉಗುರುಗಳು ಹಳದಿಯಾಗಿವೆ. ಬಲಗಣ್ಣಿಗೆ ಪೊರೆ ಬಂದಿದೆ, ಶಸ್ತ್ರಚಿಕಿತ್ಸೆಗೆ ರಜೆ ಕೇಳಿದರೆ ಬದಲಿ ಜನವಿಲ್ಲ. ಮಧ್ಯಾಹ್ನ ಹೆಂಡತಿ ಸೋನಮತಿ ಕಟ್ಟಿಕೊಟ್ಟ ಹುರಿಗಡಲೆಯ ಸತ್ತುಹಿಟ್ಟಿಗೆ ಈರುಳ್ಳಿ, ಉಪ್ಪು ಕಲಸಿ ತಿನ್ನುತ್ತಾರೆ. ಎಡಗೈಯಲ್ಲಿ ಚಮಚ ಹಿಡಿದು, ಬಲಗೈಯ ಎಣ್ಣೆ ಊಟಕ್ಕೆ ತಾಗದ ಹಾಗೆ. ಲೈನಿನಲ್ಲಿ ಯಾರಿಗೆ ಪದಕ ಬಂದರೂ ಫೋಟೋದಲ್ಲಿ ಇವರಿಲ್ಲ. ಪಿಸ್ತೂಲು ಕೈಕೊಟ್ಟಾಗ ಮಾತ್ರ ಇವರ ಹೆಸರು ಜನರ ಬಾಯಿಗೆ ಬರುತ್ತದೆ.

ಕಳೆದ ಜನವರಿಯಲ್ಲಿ ಬಂತು.

ಮರಳುದಿಬ್ಬದ ಮೇಲೆ ಅಡಗಿದ್ದ ದರೋಡೆಕೋರರನ್ನು ಹಿಡಿಯಲು ಎರಡು ದೋಣಿಗಳಲ್ಲಿ ಪೊಲೀಸರು ಹೋದರು. ಮುಂದಿನ ದೋಣಿಯಿಂದ ಮೊದಲು ಇಳಿದವರು ಇಬ್ಬರು: ಸಬ್ ಇನ್ಸ್‌ಪೆಕ್ಟರ್ ಕೀರ್ತ್ಯಾನಂದ ಝಾ, ಅವರ ಬೆನ್ನಿಗೆ ಸಿಪಾಯಿ ಲಲ್ಲನ್ ಮಾಂಝಿ. ಕಾಸಹುಲ್ಲಿನ ಮರೆಯಿಂದ ಹಾರಿದ ಗುಂಡು ಝಾ ಅವರ ಕುತ್ತಿಗೆಗೆ ಬಿತ್ತು. ಲಲ್ಲನ್‌ನ ಪಿಸ್ತೂಲಿನಿಂದ ಒಂದು ಗುಂಡೂ ಹೊರಡಲಿಲ್ಲ. ಹಿಂದಿನ ದೋಣಿಯವರು ಬರುವಷ್ಟರಲ್ಲಿ ಅವನ ಪಿಸ್ತೂಲು ಒದ್ದೆ ಮರಳಿನಲ್ಲಿ ಬಿದ್ದಿತ್ತು. ಅವನು ಝಾ ಅವರನ್ನು ಕಾಲರ್ ಹಿಡಿದು ನೀರಿನತ್ತ ಎಳೆಯುತ್ತಿದ್ದ. ಝಾ ದೋಣಿಯಲ್ಲೇ ತೀರಿಕೊಂಡರು.

"ಪಿಸ್ತೂಲಿನ ಕುದುರೆ ಎಳೆದೆ, ಗುಂಡು ಹಾರಲಿಲ್ಲ. ಅದರ ಹಿಂದಿನ ಸುತ್ತಿಗೆ ಎತ್ತಿ ಮತ್ತೆ ಎಳೆದೆ, ಆಗಲೂ ಇಲ್ಲ. ಸ್ಲೈಡು ಎಳೆಯೋಕೆ ಹೋದರೆ ಕಚ್ಚಿಕೊಂಡುಬಿಡ್ತು," ಎಂದ ಲಲ್ಲನ್. ನಂಬಿದವರು ಕಡಿಮೆ. ಅವನನ್ನು ಅಮಾನತು ಮಾಡಿದರು. ಝಾ ಅವರ ಹೆಂಡತಿ ವಿಭಾ, ಗಂಡನನ್ನು ಸಾಯಲು ಬಿಟ್ಟು ಪಿಸ್ತೂಲು ಬಿಸಾಡಿ ಓಡಿದ, ಹಿಂದಿನ ದೋಣಿ ಕಂಡ ಮೇಲಷ್ಟೇ ವಾಪಸು ಬಂದ ಎಂದು ದೂರು ಕೊಟ್ಟರು. ಅದು ನಿಜವೆಂದಾದರೆ ಅವನ ನೌಕರಿ ಹೋಗುತ್ತದೆ, ಜೈಲೂ ಆಗಬಹುದು. ಲಲ್ಲನ್ ಮುಸಹರ ಜಾತಿಯವನು, ಇಲಿ ಹಿಡಿದು ತಿನ್ನುವವರೆಂದು ಉಳಿದವರು ಹೀಗಳೆಯುವ ದಲಿತರವನು. ತನ್ನ ಹಳ್ಳಿಯಿಂದ ಪೊಲೀಸ್ ಬಟ್ಟೆ ತೊಟ್ಟ ಮೊದಲನೆಯವನು. ಊಟದ ಮನೆಯಲ್ಲಿ ಅವನಿಗೆ ಕೇಳಿಸುವಂತೆಯೇ ಮಾತು ಬರುತ್ತಿತ್ತು. "ಇಲಿ ಹಿಡಿಯೋ ಕೈ ಪಿಸ್ತೂಲು ಹಿಡಿಯುತ್ತಾ?" ಅವನ ಪಕ್ಕದ ಜಾಗ ಖಾಲಿಯೇ. ಅಡುಗೆಯ ಫೇಕನ್ ಮಾತ್ರ, ಕೊನೆಗೆ ಬರುವ ಅವನಿಗೆಂದು ಎರಡು ಬಿಸಿ ರೊಟ್ಟಿ ತಟ್ಟೆಯಡಿ ಮುಚ್ಚಿಡುತ್ತಿದ್ದ.

ಮುದ್ರೆ ಹಾಕಿದ ಬಟ್ಟೆಯಲ್ಲಿ ಪಿಸ್ತೂಲು ತಿಂಗಳುಗಟ್ಟಲೆ ಠಾಣೆಯ ಕಪಾಟಿನಲ್ಲಿ ಬಿದ್ದಿತ್ತು. ಜೀವಂತ ಗುಂಡು ಒಳಗೆ ಸಿಕ್ಕಿಕೊಂಡಿದ್ದರಿಂದ ಹಾಗೆಯೇ ಪ್ರಯೋಗಾಲಯಕ್ಕೆ ಕಳಿಸುವಂತಿರಲಿಲ್ಲ. ವೈಶಾಖದ ಬಿಸಿಲಲ್ಲಿ, ವಿಚಾರಣಾಧಿಕಾರಿಯ ಎದುರು, ಅದು ಸಕಲದೀಪರ ಮೇಜಿಗೆ ಬಂತು.

ಹಿಡಿಯೊಳಗಿನ ಗುಂಡುಗಳ ಪೆಟ್ಟಿಗೆ, ಅಂದರೆ ಮ್ಯಾಗಜೀನು, ಹೇಗೋ ಕೆಳಗಿಳಿಯಿತು. ಸ್ಲೈಡು ಹೆಬ್ಬೆರಳಿನ ಉಗುರಿನಷ್ಟು ಹಿಂದೆ ಸರಿಯಿತು, ಅಲ್ಲೇ ನಿಂತಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಸಾಕ್ಷಿಗೆ ನಿಂತಿದ್ದ ಹವಾಲ್ದಾರ ಮರದ ಸುತ್ತಿಗೆ ಚಾಚಿದ. "ಒಂದು ಏಟು ಹಾಕಿ ಮಿಸ್ತ್ರಿಜೀ, ಬರುತ್ತೆ."

"ಬರುತ್ತೆ. ಯಾವುದು ಬರುತ್ತೆ ಅಂತ ಗೊತ್ತಾ ನಿನಗೆ?"

ಹವಾಲ್ದಾರ ಎರಡು ಹೆಜ್ಜೆ ಹಿಂದೆ ಸರಿದ. ವಿಚಾರಣಾಧಿಕಾರಿ ಅಲುಗಲಿಲ್ಲ, ಬೆವರು ಕಣ್ಣಿಗಿಳಿಯುತ್ತಿದ್ದ ಸಕಲದೀಪರತ್ತ ತಮ್ಮ ಟೇಬಲ್ ಫ್ಯಾನನ್ನು ತಿರುಗಿಸಿಟ್ಟರು.

ನಳಿಗೆಯ ಬಾಯಿ ಮರಳಿನ ಡ್ರಮ್ಮಿಗೆ. ಗುಂಡಿಗೆ ಕುಟ್ಟುವ ಸೂಜಿಯನ್ನು ಪಿಸ್ತೂಲಿನದೇ ಸುತ್ತಿಗೆ ಬಡಿಯದಂತೆ ಎರಡರ ನಡುವೆ ಚಪ್ಪಲಿಯ ತೊಗಲಿನ ತುಂಡು. ಸ್ಲೈಡು ಓಡುವ ತೋಡುಗಳಿಗೆ ಹನಿ ಹನಿಯಾಗಿ ಸೀಮೆಎಣ್ಣೆ. ಬಿದಿರುಕಡ್ಡಿಯ ತುದಿಯಿಂದ ಕಂದು ತುಕ್ಕು, ಗಂಗೆಯ ಹೊಳೆವ ಮರಳು ಎಬ್ಬಿಸಿದರು. ಹಿಂದಕ್ಕೆ ಎಳೆಯಲಿಲ್ಲ. ಮೊದಲು ಕೂದಲೆಳೆಯಷ್ಟು ಮುಂದಕ್ಕೆ ತಳ್ಳಿದರು, ಆಮೇಲೆ ಅಷ್ಟೇ ಹಿಂದಕ್ಕೆ. ಮತ್ತೆ ಎಣ್ಣೆ, ಮತ್ತೆ ಕಾಯುವುದು. "ಕಚ್ಚಿಕೊಂಡಿದ್ದನ್ನ ಎಳೀಬಾರದು. ಅದು ಹೋಗ್ತೀನಿ ಅನ್ನೋ ಕಡೆಗೇ ಸ್ವಲ್ಪ ಬಿಡಬೇಕು. ಆಗ ಮರಳು ತಾನೇ ಉದುರುತ್ತೆ." ನೆರಳು ಮೇಜು ದಾಟುವ ಹೊತ್ತಿಗೆ ಸ್ಲೈಡು ಗರಗರ ಎನ್ನುತ್ತ ಪೂರಾ ಹಿಂದೆ ಬಂತು, ಗುಂಡು ಅವರ ಅಂಗೈಗೆ ಬಿತ್ತು.

ಗುಂಡಿನ ಹಿಂಬದಿಯಲ್ಲಿ ಎರಡು ಸಣ್ಣ ತಗ್ಗುಗಳಿದ್ದವು, ಒಂದಕ್ಕೊಂದು ತಾಗಿಕೊಂಡು. ಲಲ್ಲನ್ ಹೇಳಿದಂತೆ ಎರಡು ಸಲ ಎಳೆದಿದ್ದ. ಗುಂಡು ಸಿಡಿಯುವಷ್ಟು ಆಳಕ್ಕೆ ಸೂಜಿ ಕುಟ್ಟಿರಲಿಲ್ಲ, ಅಷ್ಟೇ. ಏಕೆಂದು ನೋಡಲು ಸೂಜಿ ಹೊರಗೆಳೆದರೆ, ಅದರ ತೂತಿನ ತುಂಬ ಅಂಟು. ಬಿಳಿ ಬಟ್ಟೆಗೆ ಒರೆಸಿದರು. ಕಿತ್ತಳೆ ಬಣ್ಣ.

ಅದನ್ನು ಕಂಡ ಕೂಡಲೇ ಸಕಲದೀಪರಿಗೆ ಎಲ್ಲ ತಿಳಿಯಿತು.

ದಸರೆಯಲ್ಲಿ ಲೈನಿನವರೆಲ್ಲ ಆಯುಧ ಪೂಜೆ ಮಾಡುತ್ತಾರೆ. ಸಾಸಿವೆ ಎಣ್ಣೆಯಲ್ಲಿ ಸಿಂಧೂರ ಕಲಸಿ ತಿಲಕ ಇಡುತ್ತಾರೆ. ಬಂದೂಕಿಗಾದರೆ ನಳಿಗೆಯ ಮೇಲೆ. ಪಿಸ್ತೂಲಿಗೆ ಹಿಂಬದಿಯಲ್ಲಿ, ಹಿಡಿದವನ ಮುಖಕ್ಕೆ ಎದುರಾಗಿರುವ ಜಾಗದಲ್ಲಿ. ಅದನ್ನೇ ಪಿಸ್ತೂಲಿನ ಹಣೆ ಎನ್ನುತ್ತಾರೆ. ಸುತ್ತಿಗೆ ಬಡಿಯುವುದೂ ಸೂಜಿಯ ತೂತು ಇರುವುದೂ ಅಲ್ಲಿಯೇ. ಆ ಜನವರಿಗೆ ಮುಂಚಿನ ದಸರೆಯಲ್ಲಿ ಲಲ್ಲನ್ ತನ್ನ ಪಿಸ್ತೂಲು ಹಿಡಿದು ಪೂಜೆಯ ಅಂಚಿನಲ್ಲಿ ನಿಂತಿದ್ದ. ಪುರೋಹಿತರ ಕೈ ಅವನ ತನಕ ಬರಲಿಲ್ಲ. ಕೀರ್ತ್ಯಾನಂದ ಝಾ ಅದನ್ನು ಗಮನಿಸಿದರು. ತಮ್ಮ ಮನೆಯಿಂದ ತಂದಿದ್ದ ಸಿಂಧೂರದ ಡಬ್ಬಿ ತೆಗೆದರು, ಹೆಬ್ಬೆರಳು ಎಣ್ಣೆಯಲ್ಲಿ ಅದ್ದಿ, ಅವನ ಪಿಸ್ತೂಲಿಗೆ ದಪ್ಪ ತಿಲಕ ಇಟ್ಟರು. "ಬಾರೋ ಇಲ್ಲಿ, ನನ್ನ ಬೆನ್ನಿಗೆ ನಿಲ್ಲೋನು ನೀನು. ನಿನಗಲ್ಲದೆ ಇನ್ಯಾರಿಗೆ?" ಎಂದರು. ಪೇಟೆಯ ಸಿಂಧೂರ ಕೆಂಪು. ಕಿತ್ತಳೆ ಬಣ್ಣದ್ದು ಝಾ ಅವರ ಸೀಮೆಯಾದ ಮಿಥಿಲೆಯ ಮನೆಗಳದ್ದು. ಲೈನಿನಲ್ಲಿ ಆ ಡಬ್ಬಿ ಇದ್ದದ್ದು ಝಾ ಅವರೊಬ್ಬರ ಹತ್ತಿರ.

ಮರುದಿನ ಸಕಲದೀಪ್ ಎಲ್ಲ ಆಯುಧ ಒರೆಸಲು ಕೂತಾಗ ಲಲ್ಲನ್ ಕಿಟಕಿಗೆ ಬಂದ. "ಚಾಚಾ, ನಂದು ಇರ್ಲಿ. ಛಠ್ ಹಬ್ಬ ಆಗೋವರೆಗಾದ್ರೂ." ಇಟ್ಟ ಸಿಂಧೂರ ಒರೆಸುವುದು ಅಶುಭ ಎಂದು ಅಲ್ಲಿ ಎಲ್ಲರೂ ನಂಬುತ್ತಾರೆ. ಅದೂ ಅವನಿಗೆ ಸಿಕ್ಕಿದ ಮೊದಲ ತಿಲಕ. ಸಕಲದೀಪ್ ಸುತ್ತಲೂ ಒರೆಸಿ ಅದೊಂದನ್ನು ಬಿಟ್ಟರು. ದೀಪಾವಳಿಯ ಬೆನ್ನಿಗೆ ಬರುವ ಛಠ್ ಮುಗಿಯಿತು, ಚುನಾವಣೆಯ ಬಂದೋಬಸ್ತು ಬಂತು, ಮರೆತರು. ಎಣ್ಣೆ ತೂತಿನೊಳಗಿಳಿದು ಸಿಂಧೂರದ ಜತೆ ಒಣಗಿ ಅಂಟಾಯಿತು. ನಿವೃತ್ತಿಗೆ ಅವರಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಅಂಟು ಎಲ್ಲಿಂದ ಬಂತೋ ತಿಳಿಯದು ಎಂದಿದ್ದರೆ ಕೇಳುವವರಿರಲಿಲ್ಲ.

"ತಿಲಕ ಇಟ್ಟೋರು ಝಾ ಸಾಹೇಬರು. ಒರೆಸದೆ ಬಿಟ್ಟೋನು ನಾನು. ಹುಡುಗ ಎರಡು ಸಲ ಎಳೆದಿದ್ದಾನೆ," ಎಂದರು ಸಕಲದೀಪ್. ವಿಚಾರಣಾಧಿಕಾರಿ, "ಮಿಸ್ತ್ರಿಜೀ, ಮಧ್ಯದ ಮಾತು ಬೇಕಾ?" ಎಂದು ಮೆಲ್ಲಗೆ ಕೇಳಿದರು. "ಮಧ್ಯದ್ದು ಬಿಟ್ಟರೆ ಕೊನೇದನ್ನ ಯಾರು ನಂಬ್ತಾರೆ ಸರ್?"

ಹೇಳಿಕೆ ಕೊಡಲು ಬಂದ ವಿಭಾ ಝಾ ನೇರವಾಗಿ ಶಸ್ತ್ರಾಗಾರದ ಕಿಟಕಿಗೇ ಬಂದರು. ಸಕಲದೀಪ್ ಎದ್ದು ನಿಂತರು.

"ಸಿಂಧೂರ ಒರೆಸಿದ ಆ ಬಟ್ಟೆ ತೋರಿಸಿ."

"ಬೇಡ ದುಲ್ಹಿನ್," ಎಂದರು ಸಕಲದೀಪ್, ಮನೆಯ ಸೊಸೆಯನ್ನು ಕರೆಯುವಂತೆ. "ನೋಡಿ ಏನಾಗಬೇಕಿದೆ?"

"ತೋರಿಸಿ ಅಂದೆ."

ಅಧಿಕಾರಿಯ ಅನುಮತಿ ಪಡೆದು ತೋರಿಸಿದರು. ವಿಭಾ ಅದನ್ನು ಮುಟ್ಟಲಿಲ್ಲ. ಬೋಳು ಬೈತಲೆಯ ಮೇಲೆ ಸೆರಗು ಸರಿಮಾಡಿಕೊಂಡರು. "ಡಬ್ಬಿ ತುಂಬಿ ಕೊಟ್ಟೋಳು ನಾನೇ," ಎಂದರು. "ಪೂಜೆ ಮುಗಿಸಿ ಬಂದು ಹೇಳಿದ್ರು, ಇವತ್ತು ಒಬ್ಬ ಹುಡುಗನ ಮುಖ ಅರಳಿತು ಅಂತ." ಆಮೇಲೆ ಕೇಳಿದರು, "ಅವನು ಓಡಲಿಲ್ಲ ಅಲ್ವಾ?"

"ಓಡಲಿಲ್ಲ."

ಅವರು ಒಳಗೆ ಹೋಗಿ ದೂರು ವಾಪಸು ತೆಗೆದುಕೊಂಡರು. ಸಕಲದೀಪ್ ಒಂದು ಲೋಟ ನೀರು ಹಿಡಿದು ಕಾಯುತ್ತಿದ್ದರು. ಹೊರಗೆ ಬಂದ ವಿಭಾ ಅದನ್ನು ಕುಡಿಯದೆ, ಆದರೆ ಕೈಯಲ್ಲಿ ತೆಗೆದುಕೊಂಡು, ಗೇಟಿನ ತನಕ ಹಿಡಿದೇ ನಡೆದರು.

ಲಲ್ಲನ್ ಕೆಲಸಕ್ಕೆ ಮರಳಿದ್ದಾನೆ. ಊಟದ ಮನೆಯಲ್ಲಿ ಈಗ ಪಕ್ಕದಲ್ಲಿ ಕೂರುತ್ತಾರೆ. ಆಡಿದ ಮಾತಿಗೆ ಯಾರೂ ಕ್ಷಮೆ ಕೇಳಿಲ್ಲ. ಪಿಸ್ತೂಲು ಮಾತ್ರ ಬೇಡ ಎನ್ನುತ್ತಾನೆ, ಗೇಟಿನಲ್ಲಿ ಲಾಠಿ ಹಿಡಿದು ನಿಲ್ಲುತ್ತಾನೆ. ಕಿತ್ತಳೆ ಬಣ್ಣದ ವಿಷಯ ಅವನಿಗೆ ಹೇಳಿದವರು ಸಕಲದೀಪರೇ. ಅವನು ಕೇಳಿಸಿಕೊಂಡು, "ನಾನು ಇರ್ಲಿ ಅನ್ನದಿದ್ರೆ ಚಾಚಾ..." ಎಂದು ಅರ್ಧಕ್ಕೇ ನಿಲ್ಲಿಸಿದ. "ನಾನು ಒರೆಸಿದ್ರೆ," ಎಂದರು ಇವರು. ಅದರಾಚೆಗೆ ಇಬ್ಬರೂ ಆ ಮಾತೆತ್ತಿಲ್ಲ. ಇಲಾಖೆ ಸಕಲದೀಪರ ಒಂದು ವರ್ಷದ ವೇತನ ಬಡ್ತಿ ತಡೆಹಿಡಿಯಿತು. ಅವರು ಮೇಲ್ಮನವಿ ಸಲ್ಲಿಸಲಿಲ್ಲ.

ಈ ದಸರೆಯಲ್ಲಿ ತಿಲಕವನ್ನು ಪಿಸ್ತೂಲಿನ ಚರ್ಮದ ಚೀಲಕ್ಕಿಡಿ, ಕಬ್ಬಿಣಕ್ಕೆ ಬೇಡ ಎಂದು ಕೈಮುಗಿದು ಕೇಳಿಕೊಂಡರು. ಕೆಲವರು ಒಪ್ಪಿದರು. "ಮುದುಕನಿಗೆ ದೇವರ ಭಯ ಇಲ್ಲ," ಎಂದರು ಕೆಲವರು, ಕಬ್ಬಿಣಕ್ಕೇ ಇಟ್ಟರು. ಅವನ್ನೆಲ್ಲ ಸಕಲದೀಪ್ ಅದೇ ಸಂಜೆ ಬಿಚ್ಚಿ ತೊಳೆದರು. ಅಶುಭವೇನಿದ್ದರೂ ತಮ್ಮ ತಲೆಗಿರಲಿ ಎಂದರಂತೆ.

ಸಾಲು ಕರಗಿದೆ, ಮಂಜು ಇನ್ನೂ ಕರಗಿಲ್ಲ. ನಿವೃತ್ತಿಯ ಮೊದಲು ಏನಾದರೂ ಆಸೆ ಉಂಟೇ ಎಂದು ಕೇಳಿದರೆ ಸಕಲದೀಪ್ ಕೈ ಒರೆಸಿಕೊಳ್ಳುತ್ತ ಯೋಚಿಸುತ್ತಾರೆ.

"ಬೆಳಿಗ್ಗೆ ನನ್ನ ಕೈಯಿಂದ ಹೋಗಿದ್ದು ಸಂಜೆ ಹಾಗೇ ವಾಪಸ್ ಬರ್ಲಿ. ನಳಿಗೆ ಮೂಸಿ ನೋಡಿದ್ರೆ ಮದ್ದಿನ ವಾಸನೆ ಇರಬಾರದು. ಬರೀ ಧೂಳು ಒರೆಸಿ ಇಡೋ ಕೆಲಸ ಇದ್ರೆ ಸಾಕು."