ಎಡಗೈ ತುತ್ತು

ಲಕ್ವಾ ಹೊಡೆದು ನನ್ನ ಬಲಗೈ ಹೋತು. ಕಾಲು ಎಳಕೊಂತ ನಡೀತೇನಿ, ಮಾತು ಮಾತ್ರ ತಿರುಗಿ ಬಂದೈತಿ. ಬರದಿದ್ರ ಚಲೋ ಇತ್ತು ಅಂತ ಮನ್ಯಾಗ ಅಂದುಕೊಂಡಿರಬೇಕು, ಯಾಕಂದ್ರ ಊಟದ ಹೊತ್ತಿಗೆ ದಿನಾ ಜಗಳ. ನಾನು ಎಡಗೈಲೆ ತಾಟು ಮುಟ್ಟಿದ್ರ ಸಾಕು, ಸೊಸಿ ಓಡಿ ಬಂದು, "ಅತ್ತೀ, ಬ್ಯಾಡ್ರಿ, ನಾ ತಿನಸ್ತೇನಿ" ಅಂತಿದ್ಲು. ಅಕಿದು ಪ್ರೀತಿನ, ಇಲ್ಲ ಅನ್ನೂದಿಲ್ಲ. ಆದ್ರ ಬಾಯಾಗ ಒಂದು ತುತ್ತು ಇರೂಮುಂದನ ಮತ್ತೊಂದು ತುರುಕಿದ್ರ ಅದಕ್ಕ ಏನನ್ನಬೇಕು? ನಮ್ಮ ಯಜಮಾನರಂತೂ, "ಎಡಗೈ ಯಾತಕ್ಕ ಇರೂದು ಅಂತ ಗೊತ್ತಿಲ್ಲೇನು? ಮಂದಿ ಮುಂದ ಮಾನ ಕಳೀಬ್ಯಾಡ" ಅಂತ ತಾಟು ಆ ಕಡೆ ಸರಸ್ತಿದ್ರು. ಮದುವಿ ಮುಂಜಿವಿಗೆ ಹೋಗೂದು ಬಿಟ್ಟೆ. ಬೀಗರು ಬಂದ್ರ ಒಳಗಿನ ಖೋಲ್ಯಾಗ ನನ್ನ ಊಟ, ಕದಾ ಮುಚ್ಚಿ.

ಇಂಥಾದ್ರಾಗ, ನನಗ ವ್ಯಾಯಾಮ ಮಾಡಸೂ ಹುಡುಗಿ, "ಹಾನಗಲ್ಲಿನ್ಯಾಗ ತಿಂಗಳಿಗೊಮ್ಮೆ ಲಕ್ವಾ ಆದೋರೆಲ್ಲ ಕೂಡ್ತಾರ, ನೀವೂ ಬರ್ರಿ" ಅಂದ್ಲು. ತಿಳವಳ್ಳಿಯಿಂದ ಮಗ ಬಸ್ಸಿನ್ಯಾಗ ಕರಕೊಂಡು ಹೋದ. ಹಿರೇಕೆರೂರು, ಶಿಗ್ಗಾಂವಿ, ಸವಣೂರು, ಎಲ್ಲಾ ಕಡೆಯಿಂದ ಬಂದಿದ್ರು. ಒಬ್ಬೊಬ್ಬರು ಒಂದೊಂದು ಕಡೆ ವಾಲಿದ್ವಿ, ಗಾಳಿಗೆ ಸಿಕ್ಕ ಗೋವಿನಜೋಳದಂಗ. ಆ ಹುಡುಗಿ, "ಮನಸ್ಸು ಬಿಚ್ಚಿ ಮಾತಾಡ್ರಿ" ಅಂದ್ಲು. ಅರ್ಧಾ ಮಂದಿಗೆ ಬಾಯಿನ ಬಿಚ್ಚಾಕ ಬರೂದಿಲ್ಲ, ಮನಸ್ಸು ಎಲ್ಲಿಂದ ಬಿಚ್ಚೂದು? ಹಿರೇಕೆರೂರಿನ ಒಬ್ಬ ಬಸ್ ಡ್ರೈವರ್ ಎದ್ದು, ತಾನು ಪಾರಿವಾಳದ ರಕ್ತ ತಿಕ್ಕಿಸಿಕೊಂಡದ್ದು, ಯಾವುದೋ ಎಣ್ಣಿ ಕುಡದದ್ದು ಎಲ್ಲಾ ಹೇಳಿ, "ಏನೂ ಗುಣ ಬರಲಿಲ್ಲ. ನೀವೂ ಒಮ್ಮೆ ಮಾಡಿ ನೋಡ್ರಿ" ಅಂದ. ಹಣಿ ಹಣಿ ಬಡಕೊಳ್ಳೂಣು ಅಂದ್ರ ಒಂದ ಕೈ.

ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿದ್ರು. ನಾ ಬಿಚ್ಚಲಿಲ್ಲ. ಬಾಜೂಕ ಸವಣೂರಿನ ಬಳೆಗಾರ್ತಿ ಕುಂತಿದ್ಲು. ಅಕಿದೂ ಬಲಗೈ ಹೋಗಿತ್ತು. ಎಡಗೈಲೆ ರೊಟ್ಟಿ ಮುರದು, ಪಲ್ಯಾ ಹಚ್ಚಿ ತಿನ್ನಾಕತ್ತಿದ್ಲು.

"ಯಾಕಕ್ಕಾ, ಉಪವಾಸೇನು?"

"ಎಡಗೈಲೆ ಉಣ್ಣೂದಿಲ್ಲ ನಾನು."

"ಹೌದಾ? ಹಂಗಾರ ಬಲಗೈಲೆ ಉಣ್ಣು."

ನನಗ ಸಿಟ್ಟು ನೆತ್ತಿಗೇರಿತು. "ಅದು ಬಂದಿದ್ರ ನಿಮ್ಮಂಥೋರ ಜೋಡಿ ಇಲ್ಲಿ ಯಾಕ ಬಂದು ಕುಂದ್ರತಿದ್ದೆ?"

"ನನ್ನ ಮ್ಯಾಲೆ ಯಾಕ ಹಾರ್ತೀಯವಾ? ತೊಳದ ಕೈ ಇದು. ಇದ ಕೈಲೆ ಹೆಂಗಸರಿಗೆ ಬಳಿ ಇಡಸ್ತೇನಿ. ಮೊದಲ ಮೂಗು ಮುರದ್ರು. ಬ್ಯಾರೆ ಬಳೆಗಾರ್ತಿನ್ನ ಹುಡುಕ್ಕೋರ್ರಿ ಅಂದೆ. ತಿರುಗಿ ಬಂದ್ರು."

ಡ್ರೈವರ್ ಆ ಕಡೆಯಿಂದ, "ಈ ಪಂಕ್ತಿಯಾಗ ಬಲಗೈಲೆ ಉಣ್ಣೋರು ಯಾರರೆ ಅದಾರೇನು? ಎಬ್ಬಿಸಿ ಹೊರಗ ಹಾಕ್ರಿ ಅವರನ್ನ" ಅಂತ ಒದರಿದ. ಸೊಟ್ಟ ಬಾಯಿಲೆ ಎಲ್ಲರೂ ನಕ್ಕರು. ನನಗ ನಗಿ ಬರಲಿಲ್ಲ, ಹಸಿವಿ ಬಂದಿತ್ತು. ಬುತ್ತಿ ಬಿಚ್ಚಿ ಎಡಗೈಲೆ ಉಂಡೆ. ಅರ್ಧಾ ಅನ್ನ ಉಡಿಯಾಗ ಬಿತ್ತು. ಎಲ್ಲರ ಉಡಿಯಾಗೂ ಅನ್ನ ಇತ್ತು, ಹಿಂಗಾಗಿ ಯಾರೂ ನೋಡಲಿಲ್ಲ. "ತಾಟಿನ ಬುಡಕ ಹಸೀ ಅರಿವಿ ಹಾಕ್ಕೋ, ಜಾರೂದಿಲ್ಲ" ಅಂದ್ಲು ಬಳೆಗಾರ್ತಿ. ಇಷ್ಟು ಹೇಳಾಕ ಕೈ ಹೋದೋರ ಬೇಕಾತು.

ಮುಂದ ಮೊಮ್ಮಗಳ ಕೂಸಿನ ತೊಟ್ಟಿಲದ ಕಾರ್ಯೆ ಬಂತು. ಪಡಸಾಲ್ಯಾಗ ಪಂಕ್ತಿ ಹಾಕಿದ್ರು, ನನ್ನ ತಾಟು ಖೋಲ್ಯಾಗ ಇಟ್ಟಿದ್ರು. ಹಸೀ ಅರಿವಿ ಹೆಗಲ ಮ್ಯಾಲೆ ಹಾಕ್ಕೊಂಡು, ತಾಟು ಎಡಗೈಲೆ ಹಿಡಕೊಂಡು ಬಂದು ಪಡಸಾಲ್ಯಾಗ ಬೀಗತಿ ಮಗ್ಗಲಕ ಕುಂತೆ.

ಯಜಮಾನರು ಬಗ್ಗಿ, "ಒಳಗ ನಡಿ" ಅಂದ್ರು.

"ನಾಚಿಕಿ ನಿಮಗ ಬಂದೈತಿ. ನೀವ ಒಳಗ ಉಣ್ರಿ."

ಬೀಗತಿ ತನ್ನ ತಾಟು ಅತ್ತ ಸರಿಸಿದ್ಲು. ಸರಿಸಿಕೊಳ್ಳಲಿ, ನನಗ ಜಾಗಾ ಹೆಚ್ಚು ಸಿಕ್ತು. ಸೊಸಿ ಏಳಾಕ ಹೋದ್ಲು, ನನ್ನ ಮಾರಿ ನೋಡಿ ಮತ್ತ ಕುಂತ್ಲು. ತಾಟಿನ ಬುಡಕ ಅರಿವಿ ಹಾಸಿ, ಎಡಗೈಲೆ ಹೋಳಿಗಿ ಮುರದೆ. ಸಾರು ಸೀರಿ ಮ್ಯಾಲೆ ಚೆಲ್ಲಿತು. ಹೊಟ್ಟಿ ತುಂಬ ಉಂಡೆ.

ಯಜಮಾನರು ಅವತ್ತಿನಿಂದ ನನ್ನ ಸಾಲಿನ್ಯಾಗ ಊಟಕ್ಕ ಕುಂತಿಲ್ಲ. ಒಬ್ಬರ ಒಳಗ ಉಣ್ತಾರ. ಕರಿಯಾಕ ನಾ ಹೋಗಿಲ್ಲ.