ಕಪನೂರಿನ ಹೊಂಡದಲ್ಲಿ ಕೆಂಪು ಹೂಳು

ನೆದರು, ದೃಷ್ಟಿ ಇವೆಲ್ಲ ಕೆಲಸವಿಲ್ಲದವರ ಮಾತು ಎಂದುಕೊಂಡಿದ್ದವಳು ನಾನು. ತಂಗಿಯ ಕೂಸಿಗೆ ಯಾರಾದರೂ ಉಪ್ಪು ಮೆಣಸಿನಕಾಯಿ ನಿವಾಳಿಸಿದರೆ ನಗುತ್ತಿದ್ದೆ. ಈಗ ನಗುವುದಿಲ್ಲ. ಹಾಗಂತ ನಂಬುತ್ತೇನೆ ಅಂತಲೂ ಅಲ್ಲ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ನಾನು ಇಂಜಿನಿಯರ್. ಕಲಬುರಗಿಯ ಅಂಚಿನ ಕಪನೂರಿನಲ್ಲಿ ಮಳೆನೀರು ತಡೆದು ನಿಲ್ಲಿಸುವ ಸಣ್ಣ ಹೊಂಡವೊಂದಿದೆ. ಜೋರು ಮಳೆ ಬಂದಾಗ ನೀರು ಕೆಳಗಿನ ಓಣಿಗಳಿಗೆ ನುಗ್ಗದೆ ಅಲ್ಲಿ ನಿಲ್ಲಬೇಕು. ಹೂಳು ತುಂಬಿದರೆ ಹೊಂಡ ಇದ್ದೂ ಇಲ್ಲದಂತೆ. ಅದರ ಉಸ್ತುವಾರಿ ನನ್ನದು. ಕಟ್ಟಿಸುವಾಗ ಬಿಸಿಲಲ್ಲಿ ನಿಂತವಳೂ ನಾನೇ. ಕಮಲಾಪುರದ ಅಂಥದೇ ಹೊಂಡ ಮಹಾದೇವಿಯದು. ನನಗಿಂತ ಚಿಕ್ಕವಳು, ನನ್ನ ಕೈಕೆಳಗೆ ಕೆಲಸ ಕಲಿತವಳು. ಪ್ರತಿ ಮೀಟಿಂಗಿನಲ್ಲೂ ಸಾಹೇಬರ ಬಾಯಲ್ಲಿ ಅವಳದೇ ಹೆಸರು. ಈ ಸಲವೂ ನನ್ನ ಹೊಂಡದಲ್ಲಿ ಹೂಳು ತುಂಬಿಕೊಂಡರೆ ಅದನ್ನೂ ಮಹಾದೇವಿಗೇ ಕೊಡುತ್ತೇನೆ ಎಂದಿದ್ದರು. ಹೊಟ್ಟೆ ಉರಿಯದೇ ಇರುತ್ತದೆಯೇ?

ಬೇಸಿಗೆಯಲ್ಲಿ ತಳದ ಕಲ್ಲುಹಾಸು ಕಾಣುವವರೆಗೂ ಹೂಳು ತೆಗೆಸಿದೆ. ಸಾಹೇಬರು ನೋಡಲು ಬರುವ ಹಿಂದಿನ ದಿನ, ಅವಳದು ಹೇಗಿದೆಯೋ ನೋಡಿಯೇ ಬಿಡೋಣ ಎಂದು ಕಮಲಾಪುರಕ್ಕೆ ಹೋದೆ.

ಹೊಂಡ ತೊಳೆದಿಟ್ಟ ತಾಟಿನಂತಿತ್ತು. ಸುತ್ತಲೂ ಬೇವಿನ ಸಸಿ ಬೇರೆ ಹಚ್ಚಿದ್ದಳು. "ಅಕ್ಕಾರ, ನೀವು ಕಲಿಸಿದ್ದೇ ಮಾಡೀನ್ರಿ" ಎಂದಳು. ಆ ಮಾತಿಗಂತೂ ಮೈಯೆಲ್ಲ ಉರಿಯಿತು. "ಭಾಳ ಛಲೋ ಆಗ್ಯಾದ ಬಿಡವ್ವ" ಎಂದೆ. ಇದರ ತುಂಬ ಮಣ್ಣು ಬೀಳಲಿ ಎಂದು ಒಳಗೇ ಅಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ.

ಹೊರಡುವಾಗ, ಕೂಲಿಗೆ ಬಂದಿದ್ದ ಮುದುಕಿಯೊಬ್ಬಳು ನನ್ನ ಹೆಜ್ಜೆಯ ಮಣ್ಣನ್ನು ಚಿವುಟಿ ತೆಗೆದು, ಬುತ್ತಿಯ ಉಪ್ಪು ಸೇರಿಸಿ, ಹೊಂಡದ ಕಡೆ ನಿವಾಳಿಸಿ ಚಹಾದ ಒಲೆಗೆ ಎಸೆದಳು. ಕೂಸಿಗೆ ಮಾಡುವುದನ್ನು ಹೊಂಡಕ್ಕೆ ಮಾಡುತ್ತಿದ್ದಾಳಲ್ಲ!

"ಬಂದೋರು ಎಲ್ಲಾರದೂ ತೆಗೀತೀನ್ರಿ ಬಾಯಾರ, ಸಿಟ್ಟಾಗಬ್ಯಾಡ್ರಿ. ಯಾರ ನೆದರು ಅವ್ರಿಗೇ ಹೋಗ್ಲಿ ಅಂತ" ಎಂದಳು. ಮಹಾದೇವಿ ನಾಚಿಕೊಂಡು ಅವಳನ್ನು ಗದರಿದಳು. ನಾನು ನಕ್ಕು ಬಸ್ಸು ಹತ್ತಿದೆ.

ಮರುದಿನ ಬೆಳಿಗ್ಗೆ ಸಾಹೇಬರು ಮಹಾದೇವಿಯನ್ನೂ ಕರೆದುಕೊಂಡು ಕಪನೂರಿಗೆ ಬಂದರು. ಹೊಂಡದಲ್ಲಿ ಸ್ವಲ್ಪ ಬಸಿನೀರು ನಿಂತಿತ್ತು. ನಾನು ಜಂಬದಿಂದ ಅಳತೆಕೋಲು ಇಳಿಸಿದೆ. ಕಲ್ಲಿಗೆ ಟಣ್ ಎಂದು ಬಡಿಯಬೇಕಿತ್ತು. ಬಡಿಯಲಿಲ್ಲ. ಕೋಲು ಮೆತ್ತಗೆ ಇಳಿಯುತ್ತಲೇ ಹೋಯಿತು. ಮೇಲೆತ್ತಿದರೆ ಅರ್ಧ ಕೋಲಿಗೆ ಕೆಂಪು ಕೆಸರು.

ಕಪನೂರಿನ ಸುತ್ತ ಇರುವುದೆಲ್ಲ ಕಪ್ಪು ಎರೆಮಣ್ಣು. ಮಳೆ ಬಿದ್ದಿರಲಿಲ್ಲ. ಲಾರಿ ತಂದು ಸುರಿದಿದ್ದರೆ ದಂಡೆಯ ಮೇಲೆ ಗಾಲಿಯ ಗುರುತಾದರೂ ಇರಬೇಕಿತ್ತು. ಯಾರೂ ಬಂದಿಲ್ಲವೆಂದು ಕಾವಲುಗಾರ ಆಣೆ ಮಾಡಿದ.

ಮಹಾದೇವಿ ಕೆಸರನ್ನು ಬೆರಳಲ್ಲಿ ಉಜ್ಜಿ ನೋಡಿ, "ನಮ್ ಕಮಲಾಪುರದ ಮಣ್ಣು ಇದ್ದಂಗ ಅದಲ್ರೀ ಅಕ್ಕಾರ" ಎಂದಳು, ಮೆಲ್ಲಗೆ.

"ಹೂಳು ತೆಗಿಸೀರೋ, ತುಂಬಿಸೀರೋ?" ಎಂದರು ಸಾಹೇಬರು.

ಕಪನೂರು ಅವಳಿಗೆ ಹೋಯಿತು. ಆಗಲೇ ಚೊಕ್ಕಟವಾಗಿದ್ದ ಕಮಲಾಪುರ ಬದಲಿಗೆ ನನಗೆ ಬಂತು. ಅವಳು ಮತ್ತೆ ಹೂಳು ತೆಗೆಸಿದಳು, ಮಳೆಗಾಲದಲ್ಲಿ ಓಣಿಗಳಿಗೆ ನೀರು ನುಗ್ಗಲಿಲ್ಲ, ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಆ ಮಣ್ಣು ಎಲ್ಲಿಂದ ಬಂತೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಅವಳು ಆಗಾಗ ಕಮಲಾಪುರಕ್ಕೆ ಬಂದು ತನ್ನ ಹಳೆಯ ಹೊಂಡ ನೋಡಿ, "ನನಗಿಂತ ಛಲೋ ಇಟ್ಟೀರಿ ಅಕ್ಕಾರ" ಎಂದು ಹೇಳಿ ಹೋಗುತ್ತಾಳೆ. ಹೋದ ಮೇಲೆ ನಾನು ಕೋಲು ಇಳಿಸಿ ನೋಡುತ್ತೇನೆ, ತುದಿಗೆ ಒಂದು ಚೂರಾದರೂ ಕಪನೂರಿನ ಕಪ್ಪು ಮಣ್ಣು ಬಂದೀತೇನೋ ಎಂದು. ಬರುವುದಿಲ್ಲ. ಅವಳಿಗೆ ನನ್ನ ಮೇಲೆ ಅಷ್ಟೂ ಹೊಟ್ಟೆಕಿಚ್ಚಿಲ್ಲ.