ಕೊಲೆಯಾದ ಮೇಲಿನ ಕಥೆ

ಗಲ್ಫ್‌ನಲ್ಲಿ ನಾವಿರುವ ಅಲ್ ಹಿಲಾಲ್ ಬಡಾವಣೆಯ ನಮ್ಮ ಶುಕ್ರವಾರದ ಊಟದಲ್ಲಿ ರಾಜಕೀಯ ಎತ್ತುವಂತಿಲ್ಲ. ಯಾರಾದರೂ ಎತ್ತಿದರೆ ಮಂಗಳೂರಿನವರಾದ ಮನೆಯ ಯಜಮಾನರು ಬೇಡವೆನ್ನುವುದಿಲ್ಲ, ಟಿವಿಯ ಸದ್ದು ಏರಿಸುತ್ತಾರೆ. ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಹಾಗಾಗಿ ಒಂದು ಶುಕ್ರವಾರ ಬೇಕೆಂದೇ ಸಾವಿರದ ಆರುನೂರು ವರ್ಷ ಹಳೆಯ ಕಥೆ ತೆಗೆದೆ. ಅಲೆಕ್ಸಾಂಡ್ರಿಯಾದಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ಹೆಂಗಸೊಬ್ಬಳನ್ನು ಗುಂಪೊಂದು ರಥದಿಂದ ಎಳೆದು ಕೊಂದದ್ದನ್ನು ಹೇಳಿದೆ.

"ಅಯ್ಯೋ ಪಾಪ," ಎನ್ನುತ್ತಾ ಯಜಮಾನರು ನನ್ನ ಗರಿಗರಿ ರೊಟ್ಟಿಯ ಮೇಲೆ ಕೋಳಿಸಾರು ಸುರಿದರು.

"ಮತ್ತೆ ಏನಾಯ್ತು?" ಅವರ ಹೆಂಡತಿ ಕೇಳಿದರು.

"ಏನೂ ಆಗ್ಲಿಲ್ಲ ಅಕ್ಕ. ಕೊಂದವರಿಗೆ ಶಿಕ್ಷೆ ಆಗ್ಲಿಲ್ಲ. ಅವಳ ಸ್ನೇಹಿತನಾಗಿದ್ದ ರಾಜ್ಯಪಾಲ ಎಲ್ಲಿ ಹೋದ ಅಂತ ಯಾರೂ ಬರೆದಿಡ್ಲಿಲ್ಲ. ಅವನ ಎದುರಾಳಿ ಧರ್ಮಗುರುವಿನ ಕೈ ಮೇಲಾಯ್ತು. ಊರಿನ ದೊಡ್ಡವರು ಮಾತ್ರ ಊಟಕ್ಕೆ ಕೂತಾಗ ಯಾರಾದ್ರೂ ಆ ಮಾತು ಎತ್ತಿದ್ರೆ..."

ಟಿವಿ ಅಬ್ಬರಿಸಿತು. ಕೊಲೆಯ ಕಥೆ ಕೇಳುತ್ತಲೇ ಸಾರು ಸುರಿದಿದ್ದ ಯಜಮಾನರ ಕೈ ಈಗ ರಿಮೋಟ್ ಹಿಡಿದಿತ್ತು.

"ಖಲಾಸ್, ಸಾಕು ಮಾರಾಯ್ರೆ, ರೊಟ್ಟಿ ಮೆತ್ತಗಾಗ್ತದೆ," ಎಂದರು. ಅವರು ನಗುತ್ತಿರಲಿಲ್ಲ.

ಸುತ್ತ ನೋಡಿದೆ. ಇಡೀ ಕೋಣೆ ಒಂದು ಸೋಪಿನ ಜಾಹೀರಾತನ್ನು ಕಣ್ಣು ಮಿಟುಕಿಸದೆ ನೋಡುತ್ತಿತ್ತು. ಸ್ವಲ್ಪ ಹೊತ್ತಿಗೆ ನಾನೂ ಅತ್ತ ತಿರುಗಿದೆ.